ಸಾಕಮ್ಮನ ನಾಲಿಗೆ

ಕೊರೋನಾ ಮುಗಿದು ಜನ ಮತ್ತೆ ಒಬ್ಬರ ಮನೆಗೆ ಒಬ್ಬರು ಹೋಗಲು ಶುರುಮಾಡಿದ್ದ ವರ್ಷ. ನಾನು ತಮಿಳು ಸೀಮೆಯ ಅಂಬತ್ತೂರಿನಲ್ಲಿ ಕೂಸುಗಳಿಗೆ ಎರೆಯುವ ಕೆಲಸದಲ್ಲಿದ್ದೆ. ಬಾಣಂತಿ ಇರುವ ಮನೆಗೆ ಬೆಳಗ್ಗೆ ಹೋಗಿ, ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು; ಸಾಂಬ್ರಾಣಿ ಹೊಗೆ ತೋರಿಸಿ, ಸುತ್ತಿ ಮಲಗಿಸಿ ಬರುವುದು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕೊಳ್ಳೇಗಾಲದಿಂದ ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದವಳು. ಹೋದ ತಿಂಗಳು ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು, ನನ್ನ ಮೊದಲ ಮೊಮ್ಮಗಳು. ಆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಕಂಡಕಂಡವರಿಗೆಲ್ಲ ಫೋಟೋ ತೋರಿಸುತ್ತಿದ್ದೇನೆ, ಹಾಲಿನವನನ್ನೂ ಬಿಟ್ಟಿಲ್ಲ. ಆದರೆ ಅವಳಿಗೆ ನೀರು ಹಾಕುವಾಗಲೆಲ್ಲ ಆ ವರ್ಷದ ಒಂದು ಶುಕ್ರವಾರ ನೆನಪಾಗಿ ಮೈ ಉರಿಯುತ್ತದೆ.

ಮಹದೇವ ಮಂಡ್ಯ ಕಡೆಯ ಹುಡುಗ, ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಹೆಂಡತಿ ಸೆಲ್ವಿ ತಮಿಳಿನವಳು. ಬಾಣಂತನಕ್ಕೆ ಸೆಲ್ವಿಯ ತಾಯಿ ಬಂದಿದ್ದರು. ಇವರ ಜೊತೆ ಮಹದೇವನ ದೊಡ್ಡಮ್ಮ ಸಾಕಮ್ಮ. ತಾಯಿ ಸತ್ತ ಮಹದೇವನನ್ನು ಬೆಳೆಸಿದವಳು ಅವಳೇ. ಗಂಡನಿಲ್ಲ, ಸ್ವಂತ ಮಕ್ಕಳಿಲ್ಲ. ಬಂದು ವರ್ಷವಾದರೂ ತಮಿಳು ನಾಲಿಗೆಗೆ ಹತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ ಅವಳು “ಸಾಕಾ?” ಎಂದರೆ ತಟ್ಟೆಯ ಮುಂದಿದ್ದವರೆಲ್ಲ ಕೈ ಅಡ್ಡ ಹಿಡಿಯುತ್ತಿದ್ದರು. ಅಷ್ಟು ಕನ್ನಡ ಆ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು.

ನಾನು ಕೂಸಿಗೆ ಎರೆಯುವಾಗ ಸಾಕಮ್ಮ ಬಚ್ಚಲ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಕೂಸು ಕಿರುಚಿದರೆ ಎತ್ತಿಕೊಳ್ಳಲು ಕೈ ಚಾಚುತ್ತಿದ್ದಳು.

“ಸಾಕು ಕಣವ್ವ, ಸಾಕು. ಕೂಸು ಅಳ್ತಾ ಅದೆ.”

“ನಿಮ್ಮ ಮಾದೇವುಂಗೂ ಹಿಂಗೇ ಅರ್ಧ ಸ್ನಾನ ಮಾಡ್ಸಿದ್ರಾ? ಇನ್ನೊಂದು ತಂಬಿಗೆ ಇರಿ” ಎಂದು ನಾನು ರೇಗಿಸುತ್ತಿದ್ದೆ.

ಅಷ್ಟರಲ್ಲಿ ಕೂಸಿಗೆ ಕಾಮಾಲೆ ಬಂತು. ಹುಟ್ಟಿದ ಕೂಸುಗಳಿಗೆ ಬರುವಂಥದ್ದೇ. ಆಸ್ಪತ್ರೆಯಲ್ಲಿ ನೀಲಿ ಲೈಟಿನ ಕೆಳಗೆ ಮಲಗಿಸಿ ಗುಣಮಾಡಿ ಕಳಿಸಿದರು. ಆದರೆ ಸೆಲ್ವಿಯ ತಾಯಿಯ ತಲೆಯಲ್ಲಿ ಹುಳ ಹೊಕ್ಕಿತ್ತು. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ನಮ್ಮ ‘ಸಾಕು’ ಅವರ ಕಿವಿಗೆ ‘ಸಾಗು’ ಆಗಿ ಬಿತ್ತು; ಹಾಗೆಂದರೆ ಅವರಲ್ಲಿ ಸಾಯುವುದು. ಆ ಮುದುಕಿ ದಿನಾ ಕೂಸಿನ ಮುಂದೆ ನಿಂತು ‘ಸಾಗು, ಸಾಗು’ ಅನ್ನುತ್ತಾಳೆ ಎಂದು ಒಬ್ಬ ಸಾಮಿಯಾರ್ ಹತ್ತಿರ ಹೋಗಿ ಹೇಳಿದರು. ಮೈಮೇಲೆ ಅಮ್ಮನವರು ಬರುತ್ತಾರೆಂದು ಹೇಳಿಕೊಂಡು ಶುಕ್ರವಾರ ಶುಕ್ರವಾರ ವಾಕ್ಕು ಹೇಳುವವನು ಅವನು. ಗಂಡನಿಲ್ಲದವಳು, ಹೆರದವಳು ಎಂಬಷ್ಟನ್ನೇ ಕೇಳಿ ತೀರ್ಪು ಕೊಟ್ಟ: ಸೂನಿಯಕ್ಕಾರಿ. ಅಂದರೆ ಮಾಟಗಾತಿ. ಉರಿಯುವ ಕರ್ಪೂರವನ್ನು ಅವಳ ನಾಲಿಗೆಯ ಮೇಲೆ ಇಡಬೇಕು, ನಾಲಿಗೆ ಸುಟ್ಟರೆ ಮಾಟ ಮಾಡಿದ್ದು ನಿಜ, ಸುಡದಿದ್ದರೆ ಅಮ್ಮನವರು ಕ್ಷಮಿಸಿದಂತೆ. ಉರಿಯುವ ಕರ್ಪೂರಕ್ಕೆ ಯಾರ ನಾಲಿಗೆ ಸುಡದೆ ಇರುತ್ತದೆ? ಹೆಣ್ಣುದೇವರ ಹೆಸರಿನಲ್ಲಿ ಮೈತುಂಬ ಅರಿಶಿನ ಬಳಿದುಕೊಂಡ ಗಂಡಸು, ಹೆಂಗಸಿನ ಬಾಯಿಗೆ ಬೆಂಕಿ ಇಡಲು ಹೊರಟಿದ್ದ.

ಆ ಶುಕ್ರವಾರ ನಾನು ಹೋದಾಗ ಸಾಕಮ್ಮನನ್ನು ನಡುಮನೆಯಲ್ಲಿ ಕೂರಿಸಿದ್ದರು. ಜಡೆ ಬಿಚ್ಚಿತ್ತು. ಮುಂದೆ ಸಾಮಿಯಾರ್ ಕರ್ಪೂರದ ತಟ್ಟೆ ಇಟ್ಟುಕೊಂಡು ಕೂತಿದ್ದ. ಬಚ್ಚಲಿಗೆಂದು ಅವರು ಕಾಯಿಸಿಟ್ಟಿದ್ದ ನೀರಿನ ತಂಬಿಗೆ ಎತ್ತಿಕೊಂಡವಳು ಅದನ್ನು ಹಿಡಿದೇ ನಿಂತೆ. ವಿಷಯ ತಿಳಿದಾಗ, ಸಾಕು ಅಂದರೆ ನಿಮ್ಮ ‘ಪೋದುಂ’ ಅಷ್ಟೇ ಎಂದು ತಮಿಳಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಸಾಮಿಯಾರ್ ನಕ್ಕ. ಹೆಸರೇ ‘ಸಾಗಮ್ಮಾ’ ಅಲ್ಲವಾ ಎಂದ. ಸೆಲ್ವಿಯ ತಾಯಿ, ಮಾತು ಯಾವುದಾದರೇನು, ನಾಲಿಗೆ ಮುಂಡೆಯದು ತಾನೇ ಎಂದರು. ಅನ್ನದ ತಟ್ಟೆಯ ಮುಂದೆ ಅರ್ಥವಾಗುತ್ತಿದ್ದ ಮಾತು ಈಗ ಅರ್ಥವಾಗಲಿಲ್ಲ.

ಮಹದೇವ ಫ್ರಿಜ್ಜಿಗೆ ಒರಗಿ ಮೊಬೈಲು ನೋಡುತ್ತಿದ್ದ.

“ನೀನು ಹೇಳಪ್ಪ, ಸಾಕು ಅಂದ್ರೆ ಏನು?”

“ಒಂದ್ಸಲ ಮುಗಿಸ್ಬುಡ್ಲಿ ಬುಡಿ ಅಮ್ಮ. ಮನೇಲಿ ನೆಮ್ಮದಿ ಇರ್ತದೆ.”

ಆಗ ಸಾಕಮ್ಮ ತಲೆ ಎತ್ತಿದಳು. “ನಾನು ನಾಕನೇ ಹೆಣ್ಣು. ಹೆಣ್ಣು ಸಾಕು ಅಂತ ನಮ್ಮಪ್ಪ ಈ ಹೆಸರಿಕ್ಕುದ. ನಿನ್ನ ಸಾಕ್ದೋಳೂ ನಾನೇ ಕಣೋ, ಮಾದೇವ.”

ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಸಾಮಿಯಾರ್ ಕರ್ಪೂರ ಹಚ್ಚಿದ.

ಬಾಣಂತಿ ಕೋಣೆಯ ಬಾಗಿಲು ತೆರೆಯಿತು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದ ಸೆಲ್ವಿ ಗೋಡೆ ಹಿಡಿದುಕೊಂಡು ಬಂದು, ಕೂಸನ್ನು ಸಾಕಮ್ಮನ ಮಡಿಲಲ್ಲಿ ಇಟ್ಟಳು. ಎದುರಿಗೇ ಕೂತಳು.

“ಇಪ್ಪ ವೈಯಿಂಗ” ಎಂದಳು. ಈಗ ಇಡಿ.

ಸಾಮಿಯಾರನ ಕೈ ಮುಂದೆ ಬರಲಿಲ್ಲ. ನಾನು ತಂಬಿಗೆಯ ನೀರನ್ನು ಅವನ ತಟ್ಟೆಗೆ ಸುರಿದೆ. ಸ್ವಲ್ಪ ಅವನ ಅರಿಶಿನದ ಮೇಲೂ ಬಿತ್ತು. ಅದು ಕೈತಪ್ಪಿ ಬಿದ್ದದ್ದಲ್ಲ.

ಪೊಲೀಸಿಗೆ ಹೇಳೋಣ ಎಂದರೆ ಮಹದೇವ ಕೈಮುಗಿದ. ಮನೆ ಮಾನ ಹೋಗುತ್ತದಂತೆ. ದೊಡ್ಡಮ್ಮನ ನಾಲಿಗೆ ಹೋದರೆ ಪರವಾಗಿಲ್ಲ, ಮಾನ ಹೋಗಬಾರದು. ಆ ಸಾಮಿಯಾರ್ ಈಗಲೂ ಶುಕ್ರವಾರ ಕೂರುತ್ತಾನೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಸಾಕಮ್ಮ ಆ ಮನೆಯಲ್ಲೇ ಉಳಿದಳು. ಸೆಲ್ವಿ ತನ್ನ ತಾಯಿಯನ್ನು ಊರಿಗೆ ಕಳಿಸಿ, ಅತ್ತೆಯನ್ನು ಉಳಿಸಿಕೊಂಡಳು. ಆದರೆ ಸಾಕಮ್ಮನ ಬಾಯಿಂದ ಆ ಮಾತು ಹೋಗೇ ಹೋಯಿತು. ಬಡಿಸುವಾಗ ಸೌಟು ಎತ್ತಿ ಹಿಡಿದು ಮುಖ ನೋಡುತ್ತಿದ್ದಳು. ಕರ್ಪೂರ ತಾಗದಿದ್ದರೂ ನಾಲಿಗೆ ಸುಟ್ಟೇ ಇತ್ತು.

ಕೆಲಸ ನನಗೆ ಕಲಿಸಿದ್ದು ಇಷ್ಟು. ಹೆಂಗಸನ್ನು ಸುಡಲು ಹೊರಟವರ ಮುಂದೆ ಮಾತಿನ ಅರ್ಥ ಬಿಡಿಸುತ್ತ ಕೂರಬಾರದು. ಅವರಿಗೆ ಅರ್ಥ ಗೊತ್ತಿರುತ್ತದೆ. ಮೊದಲು ಬೆಂಕಿಗೆ ನೀರು ಹಾಕಬೇಕು.

ನನ್ನ ಮೊಮ್ಮಗಳ ಮೊದಲ ನೀರಿಗೆ ಸಾಕಮ್ಮನನ್ನು ಕರೆದಿದ್ದೆ. ನಾನು ಕಾಲು ನೀಡಿ ಕೂತೆ, ಅವಳು ಬಚ್ಚಲ ಬಾಗಿಲಿಗೆ ಒರಗಿ ನಿಂತಳು. ನಮ್ಮ ಕೂಸಿನ ಗಂಟಲು ದೊಡ್ಡದು, ಬೀದಿಗೆಲ್ಲ ಕೇಳುವಂತೆ ಕಿರುಚಿತು. ನಾನು ಬೇಕೆಂದೇ ಇನ್ನೊಂದು ತಂಬಿಗೆ ಎತ್ತಿದೆ, ಮತ್ತೊಂದು ಎತ್ತಿದೆ.

“ಸಾಕು ಕಣವ್ವ” ಎಂದಳು ಸಾಕಮ್ಮ. “ಸಾಕು.”

ತಂಬಿಗೆ ಕೆಳಗಿಟ್ಟೆ.