ಜಾವಳ ಆಗೂತನಕ ಕೂಸಿನ ಸಾಬಾಣ

ಬನಹಟ್ಟಿಯ ನಮ್ಮ ಓಣಿಯಲ್ಲಿ ಅನಸವ್ವನ ಕೈಯಲ್ಲಿ ಜಳಕ ಮಾಡಿಸಿಕೊಳ್ಳದೆ ಬೆಳೆದವರು ಯಾರಾದರೂ ಇದ್ದರೆ ಅವರು ಬೇರೆ ಊರಿನಿಂದ ಬಂದವರೇ ಇರಬೇಕು. ಬಾಣಂತಿ ಮನೆಗೆ ಬಂದಳೆಂದರೆ ಮರುದಿನ ಬೆಳಿಗ್ಗೆ ಅನಸವ್ವ ಹಾಜರು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡರೆ ಅವಳನ್ನು ಮಾತನಾಡಿಸುವ ಧೈರ್ಯ ಯಾರಿಗೂ ಇಲ್ಲ. ನೀರು ಸ್ವಲ್ಪ ಆರಿದ್ದರೂ ಕೂಸಿನ ಅಜ್ಜಿಗೇ ಬೈಗುಳ. ನನ್ನ ಮಕ್ಕಳಿಗೂ ಅವಳೇ ಎರೆದವಳು, ಹಾಗಾಗಿ ಆ ಬೈಗುಳದ ರುಚಿ ನನಗೂ ಗೊತ್ತು.

ಅವಳಿಗೆ ಮಕ್ಕಳಾಗಲಿಲ್ಲ. ಗಂಡ ಸಿದರಾಯ ಪಾವರಲೂಮಿನ ಸದ್ದಿನಲ್ಲಿ ದುಡಿದು ಕಿವಿ ಮಂದ ಮಾಡಿಕೊಂಡವನು. ಹೆಂಡತಿಯ ಬಾಯಿ ಜೋರಿಗೆ ಅದೇ ಒಳ್ಳೆಯದಾಯಿತು ಎಂದು ಓಣಿಯವರು ನಗುವುದುಂಟು. ಒಂದು ಮನೆಯ ಕೂಸು ಎದ್ದು ಓಡಾಡುವ ಹೊತ್ತಿಗೆ ಇನ್ನೊಂದು ಮನೆಯಲ್ಲಿ ತೊಟ್ಟಿಲು ಕಟ್ಟಿರುತ್ತಾರೆ, ಅನಸವ್ವ ಅತ್ತ ಹೋಗುತ್ತಾಳೆ. ವರ್ಷಾನುಗಟ್ಟಲೆ ಹೀಗೇ ನಡೆದಿತ್ತು.

ಸ್ನೇಹಾಳ ವಿಷಯದಲ್ಲಿ ಮಾತ್ರ ನಡೆಯಲಿಲ್ಲ. ಸ್ನೇಹಾ ನಮ್ಮ ಪಕ್ಕದ ಮನೆಯ ರಾಜಕುಮಾರ ಮತ್ತು ಶೀತಲಳ ಒಬ್ಬಳೇ ಮಗಳು. ಅವರ ಮನೆಯ ಮುಂಭಾಗದಲ್ಲೇ ಮಗ್ಗಗಳಿವೆ. ಬೆಳಿಗ್ಗೆ ಕರೆಂಟ್ ಬಂದ ಕೂಡಲೇ ಗಂಡ ಮಗ್ಗ ಹಚ್ಚುತ್ತಾನೆ, ಹೆಂಡತಿ ಕಂಡಿಕೆಗೆ ನೂಲು ಸುತ್ತಲು ಕೂರುತ್ತಾಳೆ. ಮಗಳ ಜಳಕ ಹುಟ್ಟಿದಾಗಿನಿಂದ ಅನಸವ್ವನ ಪಾಲಿಗೇ ಉಳಿಯಿತು. ಹುಡುಗಿ ಸಾಲಿಗೆ ಹೋಗತೊಡಗಿದರೂ ಅನಸವ್ವ ಬರುವುದನ್ನು ಬಿಡಲಿಲ್ಲ. ಆ ಹುಡುಗಿಯ ಮೇಲೆ ಅವಳಿಗೆ ಜೀವ. ಅದನ್ನು ಅವಳು ಯಾರ ಮುಂದೆಯೂ ಹೇಳಲಿಲ್ಲ, ಆದರೆ ಓಣಿಗೆಲ್ಲ ಗೊತ್ತಿತ್ತು.

ತಾಯಿ ಮಗಳಿಬ್ಬರೂ ಅನಸವ್ವನನ್ನು ಆಯಿ ಎಂದೇ ಕರೆಯುತ್ತಿದ್ದರು. ಮಗಳಿಗೆ ಐದು ಸಮೀಪಿಸಿದಾಗ ಶೀತಲ ಅವಳ ಮುಂದೆ ಮೆಲ್ಲಗೆ ಮಾತೆತ್ತಿದಳು. “ಆಯಿ, ಮಗ್ಗದ ಧೂಳೆಲ್ಲಾ ಅಕಿ ತಲ್ಯಾಗ ಕುಂದರತೈತ್ರಿ. ಕೂಸಿನ ಶಾಂಪೂಕ ಹೋಗವಲ್ದು. ಇನ್ನ ನಮ್ಮ ಸಾಬಾಣ, ನಮ್ಮ ಶಾಂಪೂನ ಹಚ್ಚೂನೇನ್ರಿ?”

“ಜಾವಳ ಆಗೈತೇನ?” ಎಂದಳು ಅನಸವ್ವ.

ಆಗಿರಲಿಲ್ಲ. ಮನೆದೇವರ ಮುಂದೆ ಮೊದಲ ಕೂದಲು ತೆಗೆಸುವ ಆ ಕಾರ್ಯಕ್ಕೆ ಒಮ್ಮೆ ಸೂತಕ ಅಡ್ಡ ಬಂತು, ಇನ್ನೊಮ್ಮೆ ರಾಜಕುಮಾರನ ತಾಯಿ ಕಾಲು ಮುರಿದುಕೊಂಡರು. ಎರಡು, ನಾಲ್ಕರಂಥ ಸರಿ ವರ್ಷದಲ್ಲಿ ತೆಗೆಸಬಾರದು ಎಂದು ನಡುವೆ ಬಿಟ್ಟರು.

“ಜಾವಳ ಆಗೂತನಕ ಅದು ಕೂಸನ. ಕೂಸಿಗಿ ಕೂಸಿನ ಸಾಬಾಣನ ಹಚ್ಚಬೇಕ. ಹಿಂದಿನಿಂದ ನಡಕೊಂಡ ಬಂದದ್ದು.”

ನಾನು ಅಂಗಳದಲ್ಲೇ ಜೋಳ ಹಸನು ಮಾಡುತ್ತಿದ್ದೆ. ಇಂಥ ಪದ್ಧತಿಯನ್ನು ನಾನಂತೂ ಕೇಳಿರಲಿಲ್ಲ. ಶೀತಲ ಒಳಗೆ ಹೋದ ಮೇಲೆ ಕೇಳಿಯೇಬಿಟ್ಟೆ. “ಅನಸಕ್ಕ, ನಮ್ಮ ನವೀನಗ ಜಾವಳಕ್ಕಿಂತ ಮೊದಲ ದೊಡ್ಡವರ ಸಾಬಾಣ ಹಚ್ಚಿದಾಕಿ ನೀನ ಅಲ್ಲೇನ?”

“ನಿಮ್ಮ ನವೀನಂದು ಎಮ್ಮಿ ಚರ್ಮ ಇತ್ತ. ಇಕಿದು ಎಳಿ ಐತಿ. ನಿನ್ನ ಜೋಳ ನೀ ನೋಡ್ಕೋ,” ಎಂದು ನನ್ನ ಬಾಯಿ ಮುಚ್ಚಿಸಿದಳು.

ನನಗೆ ಸಿಟ್ಟು ಬಂತು. ಆದರೆ ಕಾರಣ ತಿಳಿಯದಷ್ಟು ದಡ್ಡಿಯೇನಲ್ಲ ನಾನು. ಕೂಸಿನ ಸಾಬಾಣ ನಿಂತ ದಿನ ಆ ಮನೆಯಲ್ಲಿ ಅವಳ ಕೆಲಸವೂ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಆ ಹುಡುಗಿಯನ್ನು ಮುಟ್ಟಲು ಅವಳಿಗೆ ಬೇರೆ ನೆಪವಿರುವುದಿಲ್ಲ.

ಕೆಟ್ಟದ್ದು ಸಾಲಿಯಲ್ಲಿ ಆಯಿತು. ಕೂಸಿನ ಸಾಬಾಣ, ಪೌಡರಿನ ಪರಿಮಳ ಸೂಸುತ್ತ ಹೋಗುವ ಸ್ನೇಹಾಳಿಗೆ ಮಕ್ಕಳು ‘ಪೌಡರ ಕೂಸ’ ಎಂದು ಹೆಸರಿಟ್ಟರು. ಹುಡುಗಿ ಅಳುತ್ತ ಮನೆಗೆ ಬಂದಳು, ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಅನಸವ್ವ ಬರುವ ಮೊದಲೇ ಬಚ್ಚಲಿಗೆ ಹೊಕ್ಕು ಚಿಲಕ ಹಾಕಿಕೊಂಡಳು. ಮಗ್ಗದ ಎಣ್ಣೆಯ ಜಿಡ್ಡು ಬಿಡಿಸಿಕೊಳ್ಳಲು ಅಪ್ಪ ಇಟ್ಟುಕೊಂಡಿದ್ದ ಕೆಂಪು ಸಾಬಾಣವನ್ನು ಮೈಗೆ, ತಲೆಗೆ, ಮುಖಕ್ಕೆ ಚೆನ್ನಾಗಿ ತಿಕ್ಕಿಕೊಂಡಳು.

ಕಿರುಚಾಟ ಮಗ್ಗದ ಸದ್ದನ್ನೂ ಮೀರಿ ನಮ್ಮ ಮನೆಗೆ ಕೇಳಿತು. ನಾನು ಓಡಿಹೋಗುವಷ್ಟರಲ್ಲಿ ಶೀತಲ ಬಾಗಿಲು ಬಡಿಯುತ್ತಿದ್ದಳು, ರಾಜಕುಮಾರ ಹಾರೆ ಹುಡುಕುತ್ತಿದ್ದ. ಒಳಗೆ ಹುಡುಗಿ “ಕಣ್ಣ ಹೋತು, ಕಣ್ಣ ಹೋತು” ಎಂದು ಚೀರುತ್ತಿದ್ದಳು. ಅಷ್ಟರಲ್ಲಿ ಬಂದ ಅನಸವ್ವ ಎಲ್ಲರನ್ನೂ ಸರಿಸಿ ಹೊಸ್ತಿಲ ಬಳಿ ಕುಳಿತು, ಬಾಗಿಲ ಸಂದಿಗೆ ಬಾಯಿ ಹಚ್ಚಿದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅಂದೇ ಕೇಳಿದ್ದು.

“ನನ್ನವ್ವ, ಕಣ್ಣ ತಿಕ್ಕಬ್ಯಾಡ. ಗಟ್ಟಿ ಮುಚ್ಚಕೋ. ಬಲಗೈ ಕಡೆ ಬಕೀಟ ಐತಿ ನೋಡ. ಬೊಗಸಿಲೆ ನೀರ ತಗೊಂಡ ಮಾರಿಗಿ ಹೊಡಕೋ. ಇನ್ನೊಮ್ಮಿ. ಹಾಂ, ಇನ್ನೊಮ್ಮಿ.”

ಸ್ವಲ್ಪ ಹೊತ್ತಿಗೆ ಅಳು ಇಳಿಯಿತು, ಚಿಲಕ ತೆರೆಯಿತು. ಕಣ್ಣಿಗೇನೂ ಆಗಿರಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಕುತ್ತಿಗೆ, ಮೊಣಕೈಯೆಲ್ಲ ಕೆಂಪಾಗಿ ತುರಿಕೆ ಎದ್ದಿತು.

ಮರುದಿನ ಬಸ್ಸಿನಲ್ಲಿ ಜಮಖಂಡಿಗೆ, ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. ಶೀತಲಳಿಗೆ ಜೊತೆ ಬೇಕೆಂದು ನಾನು ಹೋದೆ. ಅನಸವ್ವನನ್ನು ಯಾರೂ ಕರೆದಿರಲಿಲ್ಲ, ಎಲ್ಲರಿಗಿಂತ ಮೊದಲು ಬಸ್ ಹತ್ತಿದವಳು ಅವಳೇ.

ಡಾಕ್ಟರಮ್ಮ ಚರ್ಮ ನೋಡಿ ಮುಲಾಮು ಬರೆದರು. “ಎಷ್ಟ ವರ್ಷಕ್ಕ ದೊಡ್ಡವರ ಸಾಬಾಣ ಹಚ್ಚಬೇಕ್ರಿ?” ಎಂದು ಶೀತಲ ಕೇಳಿದಳು.

“ವರ್ಷದ ಲೆಕ್ಕ ಇಲ್ಲವಾ. ಕೆಲವು ಮಕ್ಕಳಿಗೆ ಎರಡು ಮೂರಕ್ಕೇ ನಡೀತದ, ಚರ್ಮ ಒಣಾ ಇದ್ದವರಿಗೆ ತಡಾ ಆಗ್ತದ. ಕೆಂಪು ಪೂರ್ತಿ ಹೋಗಲಿ. ಆಮೇಲೆ ಪರಿಮಳ ಕಡಿಮಿ ಇರೋ ಮೆತ್ತನ ಸಾಬಾಣ ತಗೊಂಡು ಮೊದಲ ಮುಂಗೈ ಒಳಗ ಹಚ್ಚಿ ನಾಕು ದಿನ ನೋಡ್ರಿ. ಏನೂ ಆಗದಿದ್ದರ ಮೈಗೆಲ್ಲಾ ಹಚ್ಚಬಹುದು. ಶಾಂಪೂ ಮಾತ್ರ, ತಾನ ಕಣ್ಣ ಮುಚ್ಚಿ ತೊಳಕೊಳ್ಳೋದು ಕಲಿಯೋತನಕ ಕೂಸಿಂದ ಇರಲಿ.” ಆಮೇಲೆ ಹುಡುಗಿಯ ಗಲ್ಲ ಹಿಡಿದು ಕೇಳಿದರು. “ಜಳಕ ಯಾರು ಮಾಡಸ್ತಾರ ನಿನಗ?”

“ಆಯಿ.”

“ಇನ್ನ ನೀನ ಮಾಡಕೋಬೇಕು. ಆಯಿ ಕಲಸ್ತಾರ, ಹೌದಲ್ರಿ?”

ಅನಸವ್ವ ತಲೆಯಾಡಿಸಿದಳು. ಬಸ್ಸಿನಲ್ಲಿ ಮರಳುವಾಗ ಒಮ್ಮೆಲೇ ಹೇಳಿದಳು. “ಶೀತಲ, ಜಾವಳದ ಮಾತ ನಾನ ಕಟ್ಟಿ ಹೇಳಿದ್ದು.”

“ನನಗ ಗೊತ್ತಿತ್ರಿ ಆಯಿ. ನಿಮ್ಮನ್ನ ಬಿಡಸಾಕ ನನಗೂ ಮನಸ್ಸಿರಲಿಲ್ಲ.”

ಅನಸವ್ವ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ತುರಿಕೆ ಹೋದ ಮೇಲೆ ಡಾಕ್ಟರಮ್ಮ ಹೇಳಿದಂಥ ಸಾಬಾಣ ಬಂತು. ಮುಂಗೈಗೆ ಹಚ್ಚಿ ನೋಡಿದರು, ಏನೂ ಆಗಲಿಲ್ಲ. ಅನಸವ್ವ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಒಂದೊಂದಾಗಿ ಕಲಿಸಿದಳು. ಸಾಬಾಣವನ್ನು ಮೊದಲು ಕೈಯಲ್ಲಿ ನೊರೆ ಮಾಡಬೇಕು, ಕಿವಿಯ ಹಿಂದೆ ಮರೆಯಬಾರದು, ತಲೆ ತೊಳೆಯುವಾಗ ಮುಖ ಮೇಲೆತ್ತಬೇಕು. ತಪ್ಪಿದರೆ ಬೈದಳು. ತನ್ನ ಕೆಲಸವನ್ನು ತಾನೇ ಮುಗಿಸುವಾಗಲೂ ಅವಳು ಅರೆಮನಸ್ಸಿನಿಂದ ಮಾಡಲಿಲ್ಲ.

ಒಂದು ಭಾನುವಾರ ಸ್ನೇಹಾ “ಆಯಿ, ನೀ ಹೊರಗ ನಿಂದ್ರ” ಎಂದು ಬಾಗಿಲು ಮುಂದೆ ಮಾಡಿಕೊಂಡಳು. ಚಿಲಕ ಹಾಕಲಿಲ್ಲ. ಅನಸವ್ವ ಹೊರಗೆ ನಿಂತಳು. ಶೀತಲ ಕಂಡಿಕೆ ಬಿಟ್ಟು ಎದ್ದು ಬಂದಳು. ಒಳಗೆ ನೀರಿನ ಸದ್ದು, ನಡುವೆ ಹಾಡು.

“ಬೆನ್ನಿಗಿ ಕೈ ಮುಟ್ಟವಲ್ದು. ತಿಕ್ಕ ಬಾ,” ಎಂದು ಕೂಗಿದಳು ಹುಡುಗಿ.

ಅನಸವ್ವ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಕೈಯಿಟ್ಟಳು.

“ಅವ್ವಾ, ಬಾರ ಲಗೂನ.”

ಅನಸವ್ವ ಕೈ ತೆಗೆದಳು. ಬದಿಗೆ ಸರಿದು ಶೀತಲಳಿಗೆ ದಾರಿ ಕೊಟ್ಟಳು.

“ಹೋಗ. ಜೋರಲೆ ತಿಕ್ಕಬ್ಯಾಡ. ಎಡ ಹೆಗಲ ಕೆಳಗ ಅಕಿಗಿ ಕಚಗುಳಿ ಆಗತೈತಿ, ಅಲ್ಲೆ ಹಗೂರಕ ಕೈ ಆಡಸು.”

ಶೀತಲಳಿಗೆ ಅದು ಗೊತ್ತಿರಲಿಲ್ಲ.