ಬಾಗಿಲು ಮುಚ್ಚುವವರೆಗೂ

ಗುರುಗಳ ನಿವೃತ್ತಿಗೆಂದು ತರುತ್ತಿರುವ ಅಭಿನಂದನಾ ಸಂಪುಟಕ್ಕೆ ಬರೆಯಲು ಕುಳಿತವಳಿಗೆ ಒಂದು ಸಣ್ಣ ಅಳುಕು. ಗುರುಗಳ ಬಗ್ಗೆ ಬರೆಯಬೇಕೆಂದರೆ ಆ ಹಾಡಿನ ಬಗ್ಗೆ ಬರೆಯಬೇಕು. ಆ ಹಾಡಿನ ಬಗ್ಗೆ ಬರೆದರೆ ತನ್ನ ಬಗ್ಗೆಯೂ ಬರೆಯಬೇಕು. ದಿನಚರಿಯಲ್ಲಿ ಪುಟಗಟ್ಟಲೆ ತೋಡಿಕೊಳ್ಳುವ ಈಕೆಗೆ ನಾಲ್ಕು ಜನರೆದುರು ತನ್ನ ಹೆಸರು ಹೇಳಲೂ ಸಂಕೋಚ.

ಹಾಡಿದವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಆ ದನಿಯನ್ನು ಹಿಡಿದಿಟ್ಟವರ ಹೆಸರು ಕಸುಬಿನವರಿಗಷ್ಟೇ ಗೊತ್ತು. ಆ ಕಸುಬಿನಲ್ಲಿ, ಸ್ಟುಡಿಯೋದವರೆಲ್ಲ ಪ್ರೀತಿಯಿಂದ ‘ಕಿವಿ ಮೇಷ್ಟ್ರು’ ಎಂದು ಕರೆಯುವ ಈ ಹಿರಿಯ ಧ್ವನಿಮುದ್ರಕರದು ಮೊದಲ ಸಾಲಿನ ಸ್ಥಾನ. ವೈರು ಸುತ್ತುವ ಕೆಲಸದಿಂದ ಆರಂಭಿಸಿ, ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕಾಲವನ್ನು ದಾಟಿ, ಕಂಪ್ಯೂಟರಿನ ಮುಂದೆ ಕುಳಿತ ಮೇಲೂ ಅವರು ಒಂದು ನೇಮವನ್ನು ಬಿಡಲಿಲ್ಲ: ಹಾಡಿದವರು ಹೊರಗೆ ಹೋಗಿ ಬಾಗಿಲು ಮುಚ್ಚುವವರೆಗೂ ಯಂತ್ರ ನಿಲ್ಲಿಸುವಂತಿಲ್ಲ.

“ರೆಕಾರ್ಡಿಂಗಿನ ಕೆಂಪು ದೀಪ ಆರಿದ್ಮೇಲೇ ಕಣಮ್ಮ, ಮನುಷ್ಯರು ಭಯ ಬಿಟ್ಟು ಹಾಡೋದು,” ಎನ್ನುತ್ತಿದ್ದರು.

ಈಕೆ ಕಾಲೇಜಿನಲ್ಲಿದ್ದಾಗ ಮೇಷ್ಟ್ರ ಸ್ಟುಡಿಯೋದಲ್ಲಿ ಟ್ರ್ಯಾಕ್ ಹಾಡುತ್ತಿದ್ದಳು. ಹೆಸರಾಂತ ಗಾಯಕಿ ಬರುವ ಮುನ್ನ ಅಳತೆಗೆಂದು ಹಾಡಿಡುವ, ಆಮೇಲೆ ಅಳಿಸಿಹೋಗುವ ಕೆಲಸ. ಒಂದು ಮಧ್ಯಾಹ್ನ ದೀಪ ಆರಿದ ಮೇಲೆ, ಕುರ್ಚಿಯಡಿ ಬಿದ್ದಿದ್ದ ಕೂದಲಿನ ಕ್ಲಿಪ್ಪು ಹುಡುಕುತ್ತ ಆಗಷ್ಟೇ ಹಾಡಿದ್ದ ರಾಗವನ್ನು ಗುನುಗಿದಳು. ಕೊಳಲಿಗೆಂದು ಖಾಲಿ ಬಿಟ್ಟ ಜಾಗದಲ್ಲಿ ಮೇಷ್ಟ್ರು ಆ ಗುನುಗನ್ನು ಕೂರಿಸಿ ಕೇಳಿಸಿದಾಗ ಸಂಗೀತ ನಿರ್ದೇಶಕರು, “ಕೊಳಲಿನವ್ರಿಗೆ ಬರೋದು ಬೇಡ ಅನ್ರಿ!” ಎಂದು ಕುಣಿದಾಡಿದರಂತೆ. ಮೇಷ್ಟ್ರು ಮಾತ್ರ, “ಅವಳನ್ನ ಕೇಳದೆ ಇಡೋ ಹಾಗಿಲ್ಲ,” ಎಂದು ಪಟ್ಟು ಹಿಡಿದರು.

“ಇಟ್ಕೊಳ್ಳಿ ಸರ್. ಹೆಸರು ಮಾತ್ರ ಬೇಡ,” ಎಂದಳು ಈಕೆ.

“ಸರಿ. ನೀನಾಗಿ ಹೇಳೋವರೆಗೂ ನಾನು ಬಾಯಿ ಬಿಡಲ್ಲ.”

ಹಾಡು ಮನೆಮಾತಾಯಿತು. ಗುನುಗು ತಮ್ಮದಲ್ಲವೆಂದು ಗಾಯಕಿ ಪ್ರಾಮಾಣಿಕವಾಗಿಯೇ ಹೇಳಿದರು. ಹಾಗಾದರೆ ಯಾರದು? ವಿಷಯ ಗೊತ್ತಿದ್ದ ನಿರ್ದೇಶಕರು ಅಷ್ಟರಲ್ಲಿ ತೀರಿಕೊಂಡಿದ್ದರು. ಮೇಷ್ಟ್ರು ಬೇರೆ ಯಾರದೋ ಹಾಡಿನಿಂದ ಎತ್ತಿದ್ದಾರೆಂಬ ಗುಸುಗುಸು ಹುಟ್ಟಿತು. ಅವರು ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದರು. ಆ ಗುಸುಗುಸು ಈಕೆಯ ಕಿವಿಗೆ ಬಿದ್ದದ್ದು ಈ ಸಂಪುಟದ ಕೆಲಸಕ್ಕೆ ಸೇರಿದ ಮೇಲೆಯೇ.

ಕಿವಿ ಮೇಷ್ಟ್ರು ನೂರ್ಕಾಲ ಬಾಳಲಿ, ಅವರ ಕಿವಿಯ ಪಕ್ಕದಲ್ಲಿ ಕುಳಿತು ಹೊಸಬರು ಇನ್ನೂ ಬಹುಕಾಲ ಕೇಳುವುದನ್ನು ಕಲಿಯಲಿ ಎಂದು ಹಾರೈಸಿ ಮುಗಿಸಲು ಈಕೆ ಹೊರಟಿದ್ದಳು. ಅಷ್ಟರಲ್ಲಿ ಸ್ಟುಡಿಯೋದಲ್ಲಿ ಚಹಾ ಕುಡಿಯುತ್ತ ಸಂಪುಟದ ಸಂಪಾದಕರು ಸಲಹೆ ಕೊಟ್ಟರು: “ಆ ಕದ್ದ ಹಾಡಿನ ವಿಷ್ಯ ಬಿಟ್ಬಿಡಮ್ಮ. ರಿಟೈರಾಗೋ ಹೊತ್ತಲ್ಲಿ ಯಾಕೆ ಪಾಪ.”

ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಮೇಷ್ಟ್ರು ತಲೆ ಎತ್ತಲಿಲ್ಲ. ಇಂದಿಗೂ ಕೊಟ್ಟ ಮಾತು ಮಾತೇ.

ಈಕೆ ಲೋಟ ಕೆಳಗಿಟ್ಟಳು. “ಕದ್ದಿದ್ದಲ್ಲ ಸರ್,” ಎಂದಳು. “ಆ ದನಿ ನಂದು.”