ಉಸ್ತಾ ನುರ್ಮತನ ಮರದ ಬಾಚಣಿಗೆ

ಮಾರ್ಗಿಲಾನ್ ಸಂತೆಯಲ್ಲಿ ನನ್ನ ಚೌರಿ, ಜಡೆಕುಚ್ಚಿನ ಅಂಗಡಿಗೂ ಉಸ್ತಾ ನುರ್ಮತನ ಬಾಚಣಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದು ಗೋಣಿಯ ಪರದೆ. ಕಟ್ಟಿಕೊಂಡ ಗಂಡನ ಮಾತಿಗಿಂತ ಅವನ ಮಾತನ್ನೇ ನಾನು ಹೆಚ್ಚು ಕೇಳಿದ್ದೇನೆ. ಗಂಡನ ಮಾತಾದರೆ ಎಲ್ಲೋ ಒಂದು ಕಡೆ ಮುಗಿಯುತ್ತಿತ್ತು. ನುರ್ಮತನದು ಬೆಳಗ್ಗೆ ಅಂಗಡಿ ತೆಗೆದಾಗ ಶುರುವಾದರೆ ಸಂಜೆ ಮುಚ್ಚುವವರೆಗೂ ಒಂದೇ ರಾಗ. ಮರದ ಬಾಚಣಿಗೆ ಕೂದಲನ್ನು ಸಾಕುತ್ತದೆ, ಪ್ಲಾಸ್ಟಿಕ್ಕಿನದು ಕೂದಲನ್ನು ತಿನ್ನುತ್ತದೆ.

ಉಸ್ತಾ ಎಂದರೆ ಕಸುಬಿನ ಗುರು, ಅವನ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಜರ್ದಾಳು ಮರದ ಹಲಗೆಯನ್ನು ನೆರಳಿನಲ್ಲಿ ಒಣಗಿಸಿ, ಸಣ್ಣ ಗರಗಸದಿಂದ ಒಂದೊಂದೇ ಹಲ್ಲು ಸೀಳಿ, ಹಲ್ಲಿನ ತುದಿಯನ್ನು ತನ್ನ ಕೆನ್ನೆಯ ಮೇಲೆ ಎಳೆದು ನೋಡುತ್ತಿದ್ದ. ಚುಚ್ಚಿದರೆ ಮತ್ತೆ ಉಜ್ಜುತ್ತಿದ್ದ. ಪರ ಹೆಂಗಸರ ತಲೆ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೆ ಬಾಚಣಿಗೆ ಮಾಡಿಸಲು ಬಂದವರಿಂದ ಉದುರಿದ ಒಂದು ಕೂದಲು ತರಿಸಿಕೊಳ್ಳುತ್ತಿದ್ದ. ಅದನ್ನು ಬೆರಳಿಗೆ ಸುತ್ತಿ, ಬೆಳಕಿಗೆ ಹಿಡಿದು, ಹಲ್ಲುಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ತೀರ್ಮಾನಿಸುತ್ತಿದ್ದ. ಆಮೇಲೆ ಕಾಗದದಲ್ಲಿ ಮಡಚಿ ವಾಪಸು ಕೊಡುತ್ತಿದ್ದ. ಉದುರಿದ ಕೂದಲನ್ನು ಎಲ್ಲೆಂದರಲ್ಲಿ ಬಿಸಾಡುವವರು ನಮ್ಮಲ್ಲಿ ಯಾರೂ ಇಲ್ಲ. ಮಣ್ಣುಗೋಡೆಯ ಬಿರುಕಿನಲ್ಲಿ ತುರುಕಿಡಬೇಕು. ಹಕ್ಕಿ ಕಚ್ಚಿಕೊಂಡು ಹೋಗಿ ಗೂಡಿಗೆ ಸೇರಿಸಿದರೆ ತಲೆನೋವು ಬಿಡುವುದಿಲ್ಲ.

ಅವನಿಗೆ ಬೇರೆ ಬೋರ್ಡು ಬೇಕಿರಲಿಲ್ಲ, ಹೆಂಡತಿ ಇನೋಬತಳ ಜಡೆಯೇ ಬೋರ್ಡು. ಮಧ್ಯಾಹ್ನ ಅವಳು ಊಟದ ಗಂಟು ಹಿಡಿದು ಬಂದ ಕೂಡಲೇ ಇವನಿಗೆ ಹುರುಪು. ಗಿರಾಕಿಗಳ ಎದುರಿಗೇ, "ಏನೇ, ಸ್ವಲ್ಪ ಆ ಕಡೆ ತಿರುಗು" ಎನ್ನುತ್ತಿದ್ದ. ಅವಳು ನಾಚಿಕೊಂಡೇ ತಿರುಗುತ್ತಿದ್ದಳು. ತಲೆವಸ್ತ್ರದ ಕೆಳಗಿನಿಂದ ಎರಡು ಜಡೆ ಮೊಣಕಾಲಿನವರೆಗೆ ಇಳಿದಿರುತ್ತಿದ್ದವು. ಮೊಮ್ಮಕ್ಕಳನ್ನು ಕಂಡ ಹೆಂಗಸಿಗೆ ಅಂಥ ಕೂದಲು! ನನಗೂ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಅವಳಂಥವರು ಇನ್ನಿಬ್ಬರಿದ್ದರೆ ನನ್ನ ಚೌರಿಗಳನ್ನು ಇಲಿ ಕಡಿಯಬೇಕಿತ್ತು.

"ಲೋಬರ್ ಅಪ್ಪ, ಸಾಕು ಬಿಡಿ, ನಾನೇನು ಸಂತೆಗೆ ತಂದ ಕುದುರೇನಾ?" ಎಂದು ಅವಳು, ಗಂಡನ ಹೆಸರು ಹೇಳದೆ ಮಗಳ ಹೆಸರು ಹಿಡಿದು, ಮೆಲ್ಲಗೆ ಗದರುತ್ತಿದ್ದಳು.

"ಕುದುರೆಗೆ ಇಂಥಾ ಬಾಲ ಎಲ್ಲಿಂದ ಬರ್ಬೇಕು!" ಎಂದು ಅವನು ನಗುತ್ತಿದ್ದ.

ನಾವಿದ್ದ ಹಲವು ದೇಶಗಳ ಒಕ್ಕೂಟ ಒಡೆದು ಗಡಿಗಳು ಸಡಿಲವಾದ ಮೇಲೆ ಚೀನಾದ ಕಡೆಯಿಂದ ಪ್ಲಾಸ್ಟಿಕ್ ಬಾಚಣಿಗೆ ಮೂಟೆ ಮೂಟೆಯಾಗಿ ಬಂದು ಬಿದ್ದಿತು. ಕೆಂಪು, ಹಸಿರು, ಒಳಗೆ ಮಿನುಗುವ ಚೂರುಗಳಿರುವ ನೀಲಿ. ಹುಡುಗಿಯರು ಮಿಠಾಯಿಗೆ ಮುತ್ತುವ ಹಾಗೆ ಮುತ್ತಿದರು. ನುರ್ಮತ್ ಒಂದು ಹಸಿರು ಬಾಚಣಿಗೆ ಕೊಂಡು ತಂದು ತೋಳಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತಿ ತೋರಿಸತೊಡಗಿದ.

"ನೋಡಿ, ಕಾಗದಾನೇ ಬಿಡಲ್ಲ, ನಿಮ್ಮ ಕೂದಲನ್ನ ಬಿಡುತ್ತಾ? ಮರ ಎಣ್ಣೆ ಕುಡಿದು ಬೇರಿಗೆ ಉಣಿಸುತ್ತೆ. ಇದು ಬೇರನ್ನೇ ಕೀಳುತ್ತೆ!"

"ಉಸ್ತಾ, ಇನ್ನೊಂದ್ಸಲ ಎತ್ತು, ನಮ್ಮ ಮಗು ಅಳು ನಿಲ್ಲಿಸ್ತು" ಎಂದು ಹೆಂಗಸರು ನಗುತ್ತಿದ್ದರು. ಆಟ ನೋಡಿ, ಹೋಗಿ ಹಸಿರು ಬಾಚಣಿಗೆಯನ್ನೇ ಕೊಳ್ಳುತ್ತಿದ್ದರು. ಅವನು ಹಲ್ಲು ಕಡಿಯುತ್ತಿದ್ದ. ಕಡೆಗೆ ಇನೋಬತಳ ಜಡೆ ಕಂಡವರಲ್ಲಿ ಒಬ್ಬಿಬ್ಬರು ತಿರುಗಿ ಬರುತ್ತಿದ್ದರು. ಅವನ ಅಂಗಡಿ ಆ ಜಡೆಯನ್ನು ಹಿಡಿದುಕೊಂಡೇ ನೇತಾಡುತ್ತಿತ್ತು.

ಆ ಚಳಿಗಾಲದಲ್ಲಿ ಇನೋಬತಳಿಗೆ ಮಣ್ಣು ತಿನ್ನುವ ಚಪಲ ಹತ್ತಿತು. ಸಂತೆಯಲ್ಲಿ ಬಸುರಿಯರಿಗೆಂದು ಮಾರುವ ಬಿಳಿ ಮಣ್ಣಿನ ಹೆಂಟೆ ಕೊಂಡು, ಚಳಿಯೆಂದು ಜಡೆಯನ್ನೂ ದಪ್ಪ ಶಾಲಿನೊಳಗೆ ಮುಚ್ಚಿಕೊಂಡು, ಕುರುಕುರು ಅಗಿಯುತ್ತಾ ಬರುತ್ತಿದ್ದಳು.

"ಏನಮ್ಮಾ, ಈ ವಯಸ್ಸಲ್ಲಿ ತೊಟ್ಟಿಲು ಕಟ್ಟಿಸ್ತೀಯಾ?" ಎಂದು ನಾನೇ ಕೆಣಕಿದೆ.

"ಬಾಯಿ ಕೇಳುತ್ತೆ ರಿಸೋಲತ್, ಏನು ಮಾಡ್ಲಿ" ಎಂದು ನಕ್ಕಳು. ಮುಖ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು.

ವಸಂತ ಬರುವ ಹೊತ್ತಿಗೆ ಒಂದು ದಿನ ನನ್ನ ಪರದೆಯ ಹಿಂದೆ ಬಂದು, "ದಪ್ಪನೆ ಚೌರಿ ಒಂದು ಕೊಡು" ಎಂದಳು. ಯಾರಿಗೆ ಎಂದೆ. ತಲೆವಸ್ತ್ರ ಸರಿಸಿದಳು. ನಡುನೆತ್ತಿ ಬೋಳು. ಜಡೆ ನನ್ನ ಕಿರುಬೆರಳಿನಷ್ಟು ದಪ್ಪವಿರಲಿಲ್ಲ.

"ಉಸ್ತಾಗೆ ಗೊತ್ತಾ?" ಎಂದೆ.

"ಇಲ್ಲ. ಗುರುವಾರ ಗುರುವಾರ ಮನೇಲಿರೋ ಬಾಚಣಿಗೆ ಎಲ್ಲಾ ತಗೊಂಡು ಎಣ್ಣೆ ಹಚ್ತಾರೆ. ಹಲ್ಲಲ್ಲಿ ಕೂದಲು ಕಂಡ್ರೆ ಎದೆ ಒಡ್ಕೋತಾರೆ. ಅದಕ್ಕೇ ಕದ್ದು ಒಂದು ಪ್ಲಾಸ್ಟಿಕ್ ತಂದಿಟ್ಕೊಂಡು ಅದ್ರಲ್ಲೇ ಬಾಚ್ಕೋತೀನಿ."

"ಬಾಚಣಿಗೆ ಮನೆ ಹಾಳಾಗ್ಲಿ! ಮೊದ್ಲು ಡಾಕ್ಟರ್ ಹತ್ರ ನಡಿ ಮಾರಾಯ್ತಿ. ಇದು ತಲೆ ಕಾಯಿಲೆ ಅಲ್ಲ, ಒಳಗಿನದು. ನಡಿ, ನಾನೂ ಬರ್ತೀನಿ."

"ಅವರಿಗೆ ಹೇಳಿ ಹೋಗ್ಬೇಕಲ್ಲ. ಹೇಳ್ತೀನಿ ತಾಳು" ಎಂದಳು. ಹೇಳುವ ಮೊದಲೇ ಅವನಿಗೆ ಆ ಬಾಚಣಿಗೆ ಸಿಕ್ಕಿತು. ಗೋಡೆಯ ಗೂಡಿನಲ್ಲಿ, ಮಡಚಿಟ್ಟ ಬಟ್ಟೆಯ ಹಿಂದೆ, ಉದ್ದ ಕೂದಲಿನ ಉಂಡೆ ಸಿಕ್ಕಿಕೊಂಡ ಹಾಗೇ.

ಬೇರೆ ಗಂಡಸಾಗಿದ್ದರೆ ಹೆದರುತ್ತಿದ್ದ. ಇವನಿಗೆ ಖುಷಿಯಾಯಿತು! ದೇವರಾಣೆಗೂ ನಾನು ಕಣ್ಣಾರೆ ಕಂಡದ್ದು. ಮಾರನೆಯ ದಿನ ಬರುವಾಗ ಅವನ ಮುಖ ಅರಳಿತ್ತು. ಕಳ್ಳ ಸಿಕ್ಕಿಬಿದ್ದಿದ್ದ. ಹೆಂಡತಿಯ ಕೂದಲು ಸಿಕ್ಕಿಕೊಂಡಿದ್ದ ಆ ಕೆಂಪು ಬಾಚಣಿಗೆಯನ್ನು ದಾರ ಕಟ್ಟಿ ಅಂಗಡಿಯ ಮುಂದೆ ನೇತುಹಾಕಿದ.

"ಬನ್ನಿ, ನೋಡಿ! ನನ್ನ ಹೆಂಡತಿಯ ಜಡೆ ನೀವೆಲ್ಲಾ ಕಂಡಿದ್ರಲ್ಲ? ಒಂದು ಚಳಿಗಾಲ ಪ್ಲಾಸ್ಟಿಕ್ಕಲ್ಲಿ ಬಾಚಿದ್ದಕ್ಕೆ ಏನಾಯ್ತು ನೋಡಿ! ಈಗ ಮರದ್ದು ಹಿಡಿಸಿದ್ದೀನಿ. ಬೇಸಿಗೆ ಕಳೀಲಿ, ಮೊದಲಿನ ಹಾಗೇ ಬೆಳೆಸಿ ತೋರಿಸ್ತೀನಿ. ಬೆಳೀಲಿಲ್ಲ ಅಂದ್ರೆ ಈ ಗರಗಸ ಮುರಿದು ಹಾಕ್ತೀನಿ!"

"ಥೂ, ಮೂರು ಕಾಸಿನ ಬಾಚಣಿಗೆಗೆ ಹೆಂಡತಿ ಕೂದಲನ್ನ ಬೀದೀಲಿ ತೂಗಿ ಹಾಕ್ತೀಯಲ್ಲ, ಮರ್ಯಾದೆ ಇದೆಯಾ ನಿಂಗೆ?" ಎಂದು ನಾನು ಪರದೆ ಎತ್ತಿ ಬೈದೆ.

"ನಿಂಗೇನು ಗೊತ್ತು, ಕೂದಲು ಉದುರಿದ್ರೆ ನಿಂಗೇ ಲಾಭ" ಎಂದುಬಿಟ್ಟ.

ಜನ ಮುಗಿಬಿದ್ದರು. ಕಾಗದದ ಚೂರು ಎತ್ತಿದಾಗ ನಕ್ಕವರು ಈಗ ಕೆನ್ನೆಗೆ ಕೈಯಿಟ್ಟು ನಿಂತರು. ಬಡಪಾಯಿ ಇನೋಬತ್ ಎಂದು ಲೊಚಗುಟ್ಟಿ ಮಕ್ಕಳಿಗೆ, ಸೊಸೆಯರಿಗೆ ಮರದ ಬಾಚಣಿಗೆ ಕೊಂಡರು. ಅವನು ತನ್ನ ಜನ್ಮದಲ್ಲೇ ಅಂಥ ವ್ಯಾಪಾರ ಕಂಡಿರಲಿಲ್ಲ.

ಎರಡು ದಿನ ಏಳಲಾಗದೆ ಮನೆಯಲ್ಲೇ ಇದ್ದ ಇನೋಬತ್ ಮೂರನೆಯ ದಿನ ಊಟ ತಂದವಳು ನೇತಾಡುವ ತನ್ನ ಕೂದಲನ್ನು ಕಂಡಳು. ಹಲ್ಲುಗಳಿಂದ ಬಿಡಿಸಿ ತಲೆವಸ್ತ್ರದ ಅಂಚಿನೊಳಗೆ ಮುಚ್ಚಿಕೊಂಡಳು. ಆಮೇಲೆ ನನ್ನೆದುರಿಗೇ ಅವನಿಗೆ ಹೇಳಿದಳು: "ಲೋಬರ್ ಅಪ್ಪ, ಮೊದಲು ಉದುರಿದ್ದು ನಿಮ್ಮ ಬಾಚಣಿಗೇಲೇ. ಪ್ಲಾಸ್ಟಿಕ್ ತಂದಿದ್ದು ಆಮೇಲೆ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ. ನಂಗೆ ಮೈ ಹುಷಾರಿಲ್ಲ, ಎಲ್ಲಾದರೂ ತೋರಿಸಿ."

"ನನ್ನ ಬಾಚಣಿಗೇಲಾ?" ಅವನು ಹೊಡೆತ ತಿಂದವನ ಹಾಗೆ ನೋಡಿದ. "ಸುಮ್ನಿರು. ಮಾಡಿದ ತಪ್ಪು ಮುಚ್ಚಿಕೊಳ್ಳೋಕೆ ಹೀಗೆಲ್ಲ ಹೇಳ್ತೀಯ. ನಾನು ಬೈದೆನಾ? ಹೋಗ್ಲಿ ಬಿಡು. ಬೆಳೆಯುತ್ತೆ."

ಅವಳು ನನ್ನ ಕಡೆ ನೋಡಿದಳು. ನಾನು ಬಾಯಿಗೆ ಬಂದದ್ದನ್ನೆಲ್ಲ ಅವನಿಗೆ ಅಂದೆ. ನಾಯಿಗೂ ಅಷ್ಟು ಅಂದಿಲ್ಲ. ಅವನು ಗರಗಸ ಎತ್ತಿಕೊಂಡು ಕೆಲಸ ಶುರುಮಾಡಿದ.

ಅವನಿಗೆ ಹೆಂಡತಿ ಮೇಲೆ ಪ್ರೀತಿ ಇರಲಿಲ್ಲ ಎಂದುಕೊಂಡರೆ ತಪ್ಪು. ಬೇಸಿಗೆಯೆಲ್ಲ ಅವಳೊಬ್ಬಳಿಗಾಗಿ ಬಾಚಣಿಗೆ ಮಾಡಿದ. ಒಂದಕ್ಕಿಂತ ಒಂದರ ಹಲ್ಲು ಅಗಲ, ಒಂದಕ್ಕಿಂತ ಒಂದರ ತುದಿ ನಯ. ಜರ್ದಾಳು ಬೀಜದ ಎಣ್ಣೆ ತಾನೇ ಹಿಂಡಿಸಿ ತಂದ. ಹುಳಿ ಮೊಸರಿನಲ್ಲಿ ಅವಳ ತಲೆ ತೊಳೆದು, ಅಂಗಳದ ಮಂಚದ ಮೇಲೆ ಕೂರಿಸಿಕೊಂಡು ತಾನೇ ಬಾಚುತ್ತಿದ್ದ. ಇಂಥದ್ದನ್ನು ನಮ್ಮ ಕೇರಿಯ ಗಂಡಸರು ಕನಸಿನಲ್ಲೂ ಮಾಡುವವರಲ್ಲ. ನೆತ್ತಿಯ ಮೇಲೆ ಎಳೆ ಮಗುವಿನದರಂಥ ಸಣ್ಣ ತುಪ್ಪಳ ಕಂಡಾಗ ಓಡಿ ಬಂದು ನನಗೆ ಹೇಳಿದ. ಮಾರನೆಯ ವಾರ ಅದೂ ಉದುರಿತು.

ಮಗಳು ಲೋಬರ್ ನಮಂಗಾನಿನ ಗಂಡನ ಮನೆಯಿಂದ ಬಂದವಳು ತಾಯಿಯನ್ನು ಕಂಡು ಕಿರುಚಿದಳು. ಅವರ ಜಗಳ ಬೀದಿಗೆಲ್ಲ ಕೇಳಿಸಿತು.

"ಅಪ್ಪಾ, ಅವ್ವನ ಉಗುರು ನೋಡು, ಕಾಗದ ಆಗಿದೆ! ನಾಳೆನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಈಗ ಆಸ್ಪತ್ರೆಗೆ ಹೋದ್ರೆ ಸಂತೆಯವರು ಏನಂತಾರೆ? ಉಸ್ತಾ ಬಾಚಣಿಗೆ ಕೈಲಾಗ್ಲಿಲ್ಲ ಅಂತಾರೆ. ಹತ್ತಿ ಕೊಯ್ಲು ಮುಗೀಲಿ. ನಾನೇ ಕರ್ಕೊಂಡು ಹೋಗ್ತೀನಿ."

"ಸಂತೆಯವರನ್ನ ಕಟ್ಕೊಂಡಿದ್ದೀಯಾ, ಅವ್ವನ್ನ ಕಟ್ಕೊಂಡಿದ್ದೀಯಾ?"

ಇನೋಬತಳೇ ಮಗಳ ಬಾಯಿ ಮುಚ್ಚಿಸಿದಳು. ಅಪ್ಪನಿಗೆ ಎದುರು ಮಾತಾಡಬೇಡ, ಮನೆಗೆ ಹೋಗು, ಅತ್ತೆ ಕಾಯುತ್ತಾಳೆ ಎಂದಳು. ಗಂಡನ ಮಾನ ಕಾಯುವುದನ್ನು ನಮಗೆ ಹಾಲಿನ ಜೊತೆಗೇ ಕುಡಿಸಿರುತ್ತಾರೆ. ಆ ಹಾಲಿಗಿಷ್ಟು ಬೆಂಕಿ ಹಾಕ.

ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಬೆಳಗ್ಗೆ ರೊಟ್ಟಿ ಬಡಿಯಲು ತಂದೂರಿಗೆ ಬಗ್ಗಿದವಳು ಅಲ್ಲೇ ಕುಸಿದಳು. ಕೈ ಸುಟ್ಟಿತು. ಎತ್ತಿ ಗಾಡಿಗೆ ಹಾಕುವಾಗ ಹೊರೆ ಹುಲ್ಲಿನಷ್ಟೂ ಭಾರವಿರಲಿಲ್ಲ. ಪಟ್ಟಣದ ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿ ನುರ್ಮತನನ್ನೂ ನನ್ನನ್ನೂ ಹೊರಗೆ ಕರೆದಳು. ಹೊಟ್ಟೆಯಲ್ಲಿ ಗಡ್ಡೆ, ವರ್ಷದಿಂದ ಒಳಗೇ ರಕ್ತ ಸೋರಿದೆ, ಮಣ್ಣು ತಿನ್ನುವ ಚಪಲವೂ ಅದರಿಂದ, ಕೂದಲು ಉದುರಿದ್ದೂ ಅದರಿಂದ ಎಂದಳು.

"ಕೂದಲು ಉದುರೋಕೆ ಶುರುವಾದಾಗಲೇ ಬಂದಿದ್ರೆ ಕೊಯ್ದು ತೆಗೀಬಹುದಿತ್ತು ತಾತಾ. ಇಷ್ಟು ದಿನ ಏನು ಮಾಡ್ತಿದ್ರಿ?"

ಅವನು ಬಾಯಿ ತೆರೆದ. "ಬಾಚ್ತಿದ್ದೆ" ಎಂದ.

ಹಿಮ ಬೀಳುವ ಮೊದಲೇ ಇನೋಬತ್ ಹೋದಳು. ಮೈ ತೊಳೆಯುವವರ ಜೊತೆ ನೀರು ಹೊಯ್ದವಳು ನಾನು. ಕೂದಲನ್ನು ಎರಡು ಜಡೆ ಹೆಣೆದು ಎದೆಯ ಮೇಲೆ ಇಳಿಬಿಟ್ಟು ಕಫನ್ ಬಟ್ಟೆ ಮುಚ್ಚುವುದು ಪದ್ಧತಿ. ತೊಳೆಯುವ ಮುದುಕಿ ಅವಳ ತಲೆಯ ಮೇಲೆ ಕೈಯಾಡಿಸಿ, ಹೆಣೆಯಲು ಏನೂ ಸಿಗದೆ, ಹಾಗೇ ಬಟ್ಟೆ ಎಳೆದಳು. ಹೊರಗೆ ಬಾಗಿಲಲ್ಲಿ ಸಾವಿನ ಮನೆಯ ಗಂಡಸರು ಕಟ್ಟುವ ನಡುಕಟ್ಟು ಬಿಗಿದು ನಿಂತಿದ್ದ ನುರ್ಮತ್ ಬಂದವರಿಗೆಲ್ಲ ತಲೆ ಬಾಗಿಸುತ್ತಿದ್ದ. ಅವನನ್ನು ಕಂಡು ನನಗೆ ಕನಿಕರವೇ ಬರಲಿಲ್ಲ. ಹೊಡೆಯಬೇಕೆನಿಸಿತು.

ಕನಿಕರ ಬಂದದ್ದು ವಸಂತದಲ್ಲಿ, ಅವನು ಮತ್ತೆ ಅಂಗಡಿ ತೆಗೆದ ದಿನ. ಹಳೆಯ ಬಾಚಣಿಗೆಗಳ ಬುಟ್ಟಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ. ಅಂಗಡಿ ತೆಗೆದವನು ಏನೋ ಒಂದು ಮಾಡಬೇಕಲ್ಲ ಎಂಬಂತೆ. ಹಳ್ಳಿಯ ಕಡೆಯ ಹೆಂಗಸೊಬ್ಬಳು ಬೆಳೆದ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಮುಖ ಬಿಳಿಚಿತ್ತು. ತಲೆವಸ್ತ್ರ ಸರಿಸಿದರೆ ಬೈತಲೆ ಅಂಗೈಯಗಲ.

"ಉಸ್ತಾ, ಇವಳಿಗೊಂದು ಒಳ್ಳೇ ಬಾಚಣಿಗೆ ಕೊಡಪ್ಪ. ಪ್ಲಾಸ್ಟಿಕ್ಕಲ್ಲಿ ಬಾಚಿ ಬಾಚಿ ಹಾಳು ಮಾಡ್ಕೊಂಡಿದ್ದಾಳೆ. ನಿನ್ನ ಹೆಂಡತೀದೂ ಹೀಗೇ ಆಯ್ತಂತಲ್ಲ, ಪಾಪ."

ನುರ್ಮತ್ ಬುಟ್ಟಿಯ ಮೇಲೆ ಕೈ ಅಡ್ಡ ಇಟ್ಟ. "ಬಾಚಣಿಗೆ ಕೊಡಲ್ಲ ತಾಯಿ. ಇವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗು. ಇವತ್ತೇ ಹೋಗು."

"ಅದ್ಯಾಕೆ? ನೀನೇ ಅಲ್ವಾ ಮರದ ಬಾಚಣಿಗೆ ಬೆಳೆಸುತ್ತೆ ಅಂತ ಕೂಗ್ತಿದ್ದಿದ್ದು? ನಮ್ಮೂರಿಗೆಲ್ಲಾ ಗೊತ್ತು."

"ಸುಳ್ಳು ಕೂಗಿದೆ. ಅವಳ ಕೂದಲು ಉದುರಿದ್ದು ನನ್ನ ಬಾಚಣಿಗೇಲೇ. ಅವಳು ಹೇಳಿದ್ಲು, ನಾನು ಕೇಳ್ಲಿಲ್ಲ."

ಹೆಂಗಸು ನನ್ನ ಕಡೆ ನೋಡಿದಳು. ನಿಜ ಹೇಳ್ತಿದ್ದಾನೆ, ಹೋಗಮ್ಮ ಎಂದೆ. ಚೌರಿ ಮಾರುವವಳ ಮಾತಿಗೆ ಯಾರು ಬೆಲೆ ಕೊಡುತ್ತಾರೆ. ನುರ್ಮತ್ ಎದ್ದು ನಿಂತು ಇಡೀ ಸಾಲಿಗೆ ಕೇಳುವಂತೆ ಕೂಗಿದ: "ಕೇಳಿ ಎಲ್ಲಾರೂ! ಪ್ಲಾಸ್ಟಿಕ್ ಅಲ್ಲ! ಅವಳಿಗೆ ಗಡ್ಡೆ ಇತ್ತು! ಈ ಬಾಚಣಿಗೆ ಮಾನ ಉಳಿಸೋಕೆ ನಾನೇ ಅವಳನ್ನ ಕೊಂದೆ! ಯಾರೂ ತಗೋಬೇಡಿ!"

ಮಸಾಲೆಯಂಗಡಿಯ ಹಿರಿಯ ಎದ್ದು ಬಂದು ಅವನ ಭುಜ ಹಿಡಿದು ಕೂರಿಸಿದ. ಯಾರೋ ಹಸಿರು ಚಹಾ ತಂದು ಕೈಗಿಟ್ಟರು.

"ಹೆಂಡತಿ ಹೋದ ದುಃಖ, ತಲೆಗೆ ಏರಿದೆ" ಎಂದರು ಹೆಂಗಸರು. "ಎಷ್ಟು ಪ್ರೀತಿ ಇಟ್ಕೊಂಡಿದ್ದ ನೋಡು. ತಾನೇ ತಲೆ ಬಾಚ್ತಿದ್ದನಂತೆ."

ಹಳ್ಳಿಯ ಹೆಂಗಸು ಕಣ್ಣೊರೆಸಿಕೊಂಡು ಬುಟ್ಟಿಯಿಂದ ಅಗಲ ಹಲ್ಲಿನದೊಂದನ್ನು ಆರಿಸಿ, ಹಣವನ್ನು ಅವನ ಮೊಣಕಾಲಿನ ಹತ್ತಿರ ಇಟ್ಟು, ಮಗಳ ಕೈ ಹಿಡಿದು ಹೊರಟಳು. ಅವಳ ಹಿಂದೆ ಮತ್ತೊಬ್ಬಳು ಬಗ್ಗಿದಳು, ಮಗದೊಬ್ಬಳು ಬಗ್ಗಿದಳು. ಅವನು ಬೇಡ, ಬೇಡ ಎಂದು ಕೈಯಾಡಿಸುತ್ತಿದ್ದ, ಅವರು ಪಾಪ, ಪಾಪ ಎಂದು ಆರಿಸುತ್ತಿದ್ದರು. ಸಂಜೆಯೊಳಗೆ ಬುಟ್ಟಿಯಲ್ಲಿ ಒಂದು ಬಾಚಣಿಗೆಯೂ ಉಳಿಯಲಿಲ್ಲ.